ಹಿಂದಿನ ಗೋಡೆಗೊಂದು ಬಾಗಿಲು

ವಾಕಡ್, ತಾಥವಡೆ, ಪುನಾವಳೆ, ಮಾರುಂಜಿ. ಹಿಂಜವಡಿ ಐಟಿ ಪಾರ್ಕಿನ ಕೆಲಸ ಹಿಡಿದು ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ದಾವಣಗೆರೆ ಕಡೆಯಿಂದ ಪುಣೆಗೆ ಬಂದವರಿಗೆ ಈ ಹೆಸರುಗಳು ಬಾಯಿಪಾಠ. ಮೊದಲು ಬಾಡಿಗೆ ಮನೆ. ನಾಲ್ಕಾರು ವರ್ಷ ಕಳೆದ ಮೇಲೆ ಬ್ಯಾಂಕ್ ಸಾಲ, ಒಂದು ಟು ಬಿಎಚ್‌ಕೆ. ನಾವು ಇಲ್ಲಿ ನೆಲೆಯಾದದ್ದೂ ಹೀಗೇ, ನಮ್ಮ ನೆಂಟರಿಷ್ಟರು ನೆಲೆಯಾದದ್ದೂ ಹೀಗೇ. ಮನೆ ನೋಡಲು ಹೋದಾಗ ಬಿಲ್ಡರ್ ಕಡೆಯವರು ಕೊಡುವ ಬ್ರೋಷರಿನಲ್ಲಿ ಈಜುಕೊಳ ಇರುತ್ತದೆ, ಕ್ಲಬ್‌ಹೌಸ್ ಇರುತ್ತದೆ, ಹುಲ್ಲುಹಾಸಿನ ಪಕ್ಕ ಒಂದು ಮಗು ಸೈಕಲ್ ಹೊಡೆಯುವ ಚಿತ್ರವೂ ಇರುತ್ತದೆ. ಗೇಟು ದಾಟಿದ ಮೇಲೆ ಆ ಸೈಕಲ್ ಎಲ್ಲಿಗೆ ಹೋಗಬಹುದು ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ.

ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಎರಡು ಕಾರಣ. ಒಂದು, ನನ್ನ ಕೆಲಸವೇ ನಕ್ಷೆಯದು. ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಬಹಳ ವರ್ಷದಿಂದ ಲೇಔಟ್ ಡ್ರಾಯಿಂಗ್ ಮಾಡುತ್ತಿದ್ದೇನೆ. ಪ್ಲಾಟಿನ ಗಡಿ, ಡಿಪಿ ರಸ್ತೆ (ಊರಿನ ಡೆವಲಪ್‌ಮೆಂಟ್ ಪ್ಲಾನಿನಲ್ಲಿ ತೋರಿಸಿದ ರಸ್ತೆ), ಸೆಟ್‌ಬ್ಯಾಕ್, ಪಾರ್ಕಿಂಗ್, ಓಪನ್ ಸ್ಪೇಸ್ ಒಂದೊಂದಾಗಿ ಹಾಳೆಗೆ ಇಳಿಯುವುದನ್ನು ದಿನವೂ ನೋಡುತ್ತೇನೆ. ಇನ್ನೊಂದು, ಮನೆಯಲ್ಲಿ ಏಳನೇ ಕ್ಲಾಸಿನ ಮಗಳಿದ್ದಾಳೆ. ಅವಳಿಗೆ ಸೈಕಲ್ ಅಂದರೆ ಜೀವ.

ಇಷ್ಟು ವರ್ಷದಲ್ಲಿ ನನಗೆ ಖಾತ್ರಿಯಾದ ಮಾತು ಇದು: ಹೊಸ ಬಡಾವಣೆಗೆ ಸೈಕಲ್ ದಾರಿ ಬೇಕು ಅಂದರೆ ಅದನ್ನು ಕಾಂಪೌಂಡ್ ಗೋಡೆ ಏಳುವ ಮೊದಲೇ ಕೇಳಬೇಕು. ಗೋಡೆ ಎದ್ದು, ವಾಸಕ್ಕೆ ಪರವಾನಗಿ (ಓಸಿ) ಸಿಕ್ಕಿ, ಜನ ಬಂದು ಸಂಸಾರ ಹೂಡಿದ ಮೇಲೆ ಕೇಳಿದರೆ ಮುಖ್ಯರಸ್ತೆಯ ಅಂಚಿನಲ್ಲಿ ಬಣ್ಣ ಬಳಿದ ಒಂದು ಪಟ್ಟಿ ಸಿಗುತ್ತದೆ. ಅಷ್ಟೇ.

ನಮ್ಮ ಸೊಸೈಟಿಯದ್ದೇ, ಸ್ವಲ್ಪ ದಿನದ ಹಿಂದಿನವರೆಗಿನ ಕಥೆ ಹೇಳುತ್ತೇನೆ. ಹಿಂದೆ ಒಂದು ಹಳ್ಳ. ಹಳ್ಳದ ಆಚೆ ಮಗಳ ಶಾಲೆ. ಬೆಳಿಗ್ಗೆ ಪ್ರಾರ್ಥನೆಯ ಮೈಕು ನಮ್ಮ ಅಡುಗೆಮನೆಯ ಕಿಟಕಿಗೆ ಕೇಳುತ್ತದೆ. ನೇರ ಹೋದರೆ ಅರ್ಧ ಕಿಲೋಮೀಟರ್ ಕೂಡ ಆಗಲಿಕ್ಕಿಲ್ಲ. ಆದರೆ ನೇರ ಹೋಗಲು ದಾರಿ ಇಲ್ಲ. ನಮ್ಮ ಗೇಟು ಇರುವುದು ವಿರುದ್ಧ ದಿಕ್ಕಿಗೆ. ಹೊರಬಿದ್ದರೆ ಡಿಪಿ ರೋಡ್. ಅದು ಹೆದ್ದಾರಿಯ ಸರ್ವಿಸ್ ರೋಡಿಗೆ ಕೂಡುತ್ತದೆ. ಅಲ್ಲಿ ಅಂಡರ್‌ಪಾಸಿನ ಬಾಯಿಯನ್ನು ದಾಟಿ, ಸೇತುವೆ ಹಿಡಿದು, ಮತ್ತೆ ಒಳಗೆ ತಿರುಗಿ ಬರಬೇಕು. ಎರಡೂವರೆ ಕಿಲೋಮೀಟರ್ ಸುತ್ತು. ಅದರಲ್ಲಿ ಕಾಲುಭಾಗ 48ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ. ದೀಪಾವಳಿಗೆ ನಾವೆಲ್ಲ ಊರಿಗೆ ಹೊರಡುವುದು ಇದೇ ಹೆದ್ದಾರಿಯಲ್ಲಿ: ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ. ಅದರ ಮೇಲೆ ಓಡುವ ಹದಿನಾಲ್ಕು ಗಾಲಿಯ ಲಾರಿಗಳ ಸದ್ದು ಎಂಥದ್ದು ಅಂತ ನಿಮಗೆಲ್ಲ ಗೊತ್ತು. ಆ ಲಾರಿಗಳು, ಕಂಪನಿ ಬಸ್ಸುಗಳು, ನೀರಿನ ಟ್ಯಾಂಕರ್‌ಗಳು ಸರ್ವಿಸ್ ರೋಡಿಗೆ ಇಳಿಯುವ ಜಾಗದಲ್ಲಿ ಹನ್ನೆರಡು ವರ್ಷದ ಹುಡುಗಿಯನ್ನು ಸೈಕಲ್ ಮೇಲೆ ಕಳಿಸಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ.

ಹಾಗಾಗಿ ಅವಳು ವ್ಯಾನಿನಲ್ಲಿ ಹೋಗುತ್ತಾಳೆ. ಸಂಜೆ ಪೋಡಿಯಂ ಮೇಲೆ, ಅಂದರೆ ಪಾರ್ಕಿಂಗ್ ಮೇಲಿನ ಅಂಗಳದಲ್ಲಿ, ಸೈಕಲ್ ಹೊಡೆಯುತ್ತಾಳೆ. ಸುತ್ತು ಹೊಡೆದು ಸುತ್ತು ಹೊಡೆದು ಸಾಕಾಗಿ ಇಳಿಯುತ್ತಾಳೆ. ನಮ್ಮ ಕಟ್ಟಡದ ಅಷ್ಟೂ ಮಕ್ಕಳದ್ದು ಇದೇ ಕಥೆ. ಅಷ್ಟೂ ವ್ಯಾನುಗಳು, ಕಾರುಗಳು ಅದೇ ಎರಡೂವರೆ ಕಿಲೋಮೀಟರಿಗೆ ಬಂದು ಬೀಳುತ್ತವೆ. ಬೆಳಿಗ್ಗೆ ಏಳೂವರೆಗೆ ಆ ರಸ್ತೆ ಕಟ್ಟಿಕೊಳ್ಳುತ್ತದೆ. ಟ್ರಾಫಿಕ್ ಜಾಸ್ತಿ ಅಂತ ಎಲ್ಲರೂ ಬೈಯುತ್ತೇವೆ. ಆ ಟ್ರಾಫಿಕ್ಕಿನ ಒಂದು ಪಾಲು ಹುಟ್ಟಿದ್ದು ನಮ್ಮ ಹಿಂದಿನ ಗೋಡೆಯಿಂದ.

ಯಾಕೆ ಹೀಗಾಯಿತು? ಯಾರೋ ಬೇಕಂತ ಮಾಡಿದ್ದಲ್ಲ. ಇವೆಲ್ಲ ಮೊನ್ನೆ ಮೊನ್ನೆಯವರೆಗೆ ಹೊಲಗಳು. ಒಂದೊಂದು ಹೊಲಕ್ಕೂ ಒಂದೊಂದು ಗಟ್ ನಂಬರ್, ನಮ್ಮ ಪಹಣಿಯ ಹಾಗೆ ಇಲ್ಲಿ ಸಾತ್‌ಬಾರಾ. ಒಬ್ಬ ರೈತ ಎರಡು ಎಕರೆ ಮಾರಿದ, ಅಲ್ಲೊಂದು ಕಟ್ಟಡ. ಪಕ್ಕದ ಅಣ್ಣತಮ್ಮಂದಿರು ಐದು ಎಕರೆ ಮಾರಿದರು, ಅಲ್ಲಿ ನಾಲ್ಕು ಟವರ್. ಪ್ರತಿಯೊಬ್ಬ ಬಿಲ್ಡರೂ ತನ್ನ ಪ್ಲಾಟಿನ ಸುತ್ತ ಗೋಡೆ ಕಟ್ಟಿದ. ಒಂದು ಪ್ಲಾಟಿನಿಂದ ಇನ್ನೊಂದಕ್ಕೆ ಹಾದುಹೋಗುವ ದಾರಿ ಯಾರ ಹಾಳೆಯ ಮೇಲೂ ಇರಲಿಲ್ಲ. ಡಿಪಿಯಲ್ಲಿ ತೋರಿಸಿದ ರಸ್ತೆ ಒಂದೇ ಎಲ್ಲರಿಗೂ ಗತಿ. ಆ ರಸ್ತೆಯೂ ಎಷ್ಟೋ ಕಡೆ ಪೂರ್ತಿಯಾಗಿಲ್ಲ. ಯಾವನೋ ಒಬ್ಬನ ಜಮೀನಿನ ಪರಿಹಾರ ಇತ್ಯರ್ಥವಾಗದೆ ನಡುವೆ ನೂರು ಮೀಟರ್ ನಿಂತುಹೋಗಿರುತ್ತದೆ. ಬಾಲೇವಾಡಿ ಮತ್ತು ವಾಕಡ್ ನಡುವೆ ಮುಳಾ ನದಿಗೆ ಕಟ್ಟಿದ ಸೇತುವೆ ಈ ಕಡೆಯ ಜನಕ್ಕೆ ಚೆನ್ನಾಗಿ ಗೊತ್ತು. ಸೇತುವೆ ಮುಗಿದು ಎಷ್ಟೋ ವರ್ಷ ಒಂದು ದಡದಲ್ಲಿ ಅದಕ್ಕೆ ರಸ್ತೆಯೇ ಇರಲಿಲ್ಲ. ಜಮೀನು ಸಿಕ್ಕಿರಲಿಲ್ಲ.

ಹೊಲಗಳಿದ್ದ ಕಾಲದಲ್ಲಿ ಇಲ್ಲಿ ದಾರಿಗಳು ಜಾಸ್ತಿ ಇದ್ದವು. ಎತ್ತಿನ ಗಾಡಿ ಹೋಗುವ ದಾರಿಗೆ ಇಲ್ಲಿಯವರು ಪಾಣಂದ ರಸ್ತೆ ಅನ್ನುತ್ತಾರೆ. ನಮ್ಮ ಕಡೆಯ ಗಾಡಿದಾರಿಯೇ. ಹೊಲದ ಬದುವಿನ ಗುಂಟ, ಹಳ್ಳದ ಗುಂಟ, ಒಂದು ವಸ್ತಿಯಿಂದ ಇನ್ನೊಂದು ವಸ್ತಿಗೆ. ಮಕ್ಕಳು, ಹೆಣ್ಣುಮಕ್ಕಳು, ಹಾಲು ಒಯ್ಯುವವರು ಎಲ್ಲರೂ ಅದರಲ್ಲೇ ಓಡಾಡುತ್ತಿದ್ದರು. ಹಳೆಯ ಗ್ರಾಮನಕ್ಷೆ ತೆಗೆದು ಇವತ್ತಿನ ಲೇಔಟಿನ ಮೇಲೆ ಇಟ್ಟು ನೋಡಿದರೆ ಸಂಕಟವಾಗುತ್ತದೆ. ಚುಕ್ಕೆಗೆರೆಯಲ್ಲಿ ತೋರಿಸಿದ ಆ ದಾರಿಗಳು ನೇರ ಹೋಗಿ ಯಾವುದೋ ಸೊಸೈಟಿಯ ಟ್ರಾನ್ಸ್‌ಫಾರ್ಮರ್ ಪಕ್ಕದ ಗೋಡೆಗೆ ಮುಗಿಯುತ್ತವೆ. ಕಾರು ಹೋಗದಷ್ಟು ಸಣ್ಣವು, ಸೈಕಲ್ಲಿಗೆ ಧಾರಾಳ. ಬಡಾವಣೆ ಬರುವಾಗ ಅವನ್ನು ಹಾಗೇ ಉಳಿಸಿಕೊಂಡಿದ್ದರೆ ಸೈಕಲ್ ಜಾಲಕ್ಕೆ ಬೇರೆ ಜಮೀನೇ ಬೇಕಿರಲಿಲ್ಲ.

ಸೈಕಲ್ ದಾರಿ ಅಂದಕೂಡಲೇ ಕೆಂಪು ಬಣ್ಣದ ಪ್ರತ್ಯೇಕ ಟ್ರ್ಯಾಕ್ ಕಣ್ಣಮುಂದೆ ಬರುತ್ತದೆ. ಎಲ್ಲ ಕಡೆ ಅದು ಬೇಕಿಲ್ಲ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಾನು ಊರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಪಕ್ಕದೂರಿನ ಹೈಸ್ಕೂಲಿಗೆ ಹುಡುಗಿಯರು ಸಾಲಾಗಿ, ಮಾತಾಡಿಕೊಂಡು, ಎರಡು ಜಡೆ ಹಾರಿಸಿಕೊಂಡು ಹೋಗುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಡಬಹುದಾಗಿದ್ದ ಎಷ್ಟೋ ಮಕ್ಕಳು ಮುಂದೆ ಓದಿದರು. ಆ ರಸ್ತೆಗಳಲ್ಲಿ ಟ್ರ್ಯಾಕ್ ಇರಲಿಲ್ಲ. ಆದರೆ ಜೋರಾಗಿ ಓಡುವ ಗಾಡಿಯೂ ಇರಲಿಲ್ಲ. ಸೈಕಲ್ಲಿಗೆ ಬೇಕಾದದ್ದು ಅದು. ಗಾಡಿ ಕಡಿಮೆ ಇರುವ, ನಿಧಾನ ಓಡುವ ಒಳದಾರಿ. ಪಾದಚಾರಿಗಳು, ಸೈಕಲ್ಲಿನವರು ಗಾಡಿಗಳ ಜೊತೆ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೇ. ಬೇರೆ ಟ್ರ್ಯಾಕ್ ಬೇಕಾಗುವುದು ದೊಡ್ಡ ಡಿಪಿ ರಸ್ತೆಯಲ್ಲಿ, ಸರ್ವಿಸ್ ರೋಡಿನಲ್ಲಿ, ಚೌಕಗಳಲ್ಲಿ. ಉಳಿದ ಕಡೆ ಒಳದಾರಿಗಳು ಒಂದಕ್ಕೊಂದು ಕೂಡಿದ್ದರೆ ಸಾಕು.

ಒಂದು ಮಾತು ಇಲ್ಲಿ ಹೇಳಲೇಬೇಕು. ಸೈಕಲ್ ಅಂದರೆ ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಲೋಣಾವಳಕ್ಕೆ ಹೋಗುವವರ ವಿಷಯ ಅಂತ ನಮ್ಮ ಸೊಸೈಟಿಗಳಲ್ಲಿ ಬಹಳ ಜನಕ್ಕೆ ಅನಿಸಿದೆ. ಅವರೂ ಇರಲಿ. ಆದರೆ ನಮ್ಮ ಗೇಟಿಗೆ ದಿನವೂ ಸೈಕಲ್ ಮೇಲೆ ಬರುವವರು ಬೇರೆ. ಸೆಕ್ಯುರಿಟಿಯವರು, ತೋಟದ ಕೆಲಸದವರು, ಪೇಪರ್ ಹಾಕುವ ಹುಡುಗ, ಪಕ್ಕದ ಸೈಟಿನ ಗೌಂಡಿಗಳು. ಇಂಡಿ, ಸಿಂದಗಿ, ಆಳಂದ, ಅಫಜಲಪುರ ಕಡೆಯ ಎಷ್ಟು ಜನ ಈ ಕಟ್ಟಡಗಳನ್ನು ಕಟ್ಟಿದ್ದಾರೆ ಅಂತ ಯಾವುದಾದರೂ ಸೈಟಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ. ಕಿವಿಗೆ ಬೀಳುವುದು ನಮ್ಮ ಭಾಷೆಯೇ.

ನಮ್ಮ ಗೇಟಿನ ಹಗಲು ಪಾಳಿಯ ಕಾಕಾ ಇಂಡಿ ತಾಲ್ಲೂಕಿನವರು. ಕರಿ ಸೈಕಲ್, ಹಿಂದೆ ಕ್ಯಾರಿಯರಿಗೆ ಸಿಮೆಂಟ್ ಚೀಲದ ತುಂಡಿನಲ್ಲಿ ಸುತ್ತಿದ ಬುತ್ತಿ. ಮಡ್‌ಗಾರ್ಡಿನ ಮೇಲೆ ಕೆಂಪು ರೇಡಿಯಂ ಸ್ಟಿಕರನ್ನು ಅವರೇ ಕತ್ತರಿಸಿ ಅಂಟಿಸಿದ್ದಾರೆ. ಮೂಲೆಗಳು ಎದ್ದು, ಮತ್ತೆ ಟೇಪು ಸುತ್ತಿ, ಆ ಟೇಪೂ ಈಗ ಕಪ್ಪಾಗಿದೆ.

"ಕಾಕಾ, ಇಷ್ಟು ಬೆಳಿಗ್ಗೆ ಆ ರಸ್ತಾದಾಗ ಹ್ಯಾಂಗ ಬರ್ತೀರಿ?" ಅಂದೆ ಒಮ್ಮೆ.

"ಬೆಳಿಗ್ಗೆ ಬರೂದು ಏನಿಲ್ರಿ ಅಕ್ಕಾರ, ರಸ್ತಾ ಖಾಲಿ ಇರತೈತಿ. ಸಂಜೀಕ ಹೋಗೂದ ತ್ರಾಸ. ಸರಳ ಹೋಗಬೇಕಂದ್ರ ಹೆದ್ದಾರಿ ಪುಲ್ ತನಕ ಹೋಗಿ ತಿರುಗಿ ಬರಬೇಕ್ರಿ. ಅದಕ್ಕ ರಾಂಗ್ ಸೈಡ್ ಹೊಡೀತೀವಿ. ಎದುರು ಲೈಟ್ ಕಣ್ಣಿಗೆ ಹೊಡೀತಾವ, ಗಟಾರ ಕಾಣೂದಿಲ್ಲ."

ಹನ್ನೆರಡು ತಾಸು ಗೇಟಿನಲ್ಲಿ ನಿಂತ ಮನುಷ್ಯ ಇನ್ನೂ ಎರಡು ಕಿಲೋಮೀಟರ್ ಜಾಸ್ತಿ ತುಳಿಯಲಿ ಅಂತ ಯಾವ ನಿಯಮ ಹೇಳಿದರೂ ಆತ ತುಳಿಯುವುದಿಲ್ಲ. ನಾನೂ ತುಳಿಯುವುದಿಲ್ಲ. ರಾಂಗ್ ಸೈಡ್ ಬರುವವರನ್ನು ಬೈಯುವುದು ಸುಲಭ. ಅವರನ್ನು ಅಲ್ಲಿಗೆ ತಳ್ಳಿದ್ದು ನಕ್ಷೆ. ನಮ್ಮ ಹಿಂದಿನ ಗೋಡೆಯಲ್ಲಿ ಆಗ ಒಂದು ಬಾಗಿಲಿದ್ದಿದ್ದರೆ ಕಾಕಾ ಹಳ್ಳದ ಗುಂಟ ಹತ್ತು ನಿಮಿಷದಲ್ಲಿ ತಮ್ಮ ಖೋಲಿ ಮುಟ್ಟುತ್ತಿದ್ದರು.

ಪುಣೆಗೆ ಸೈಕಲ್ ಹೊಸದಲ್ಲ. ಒಂದು ಕಾಲಕ್ಕೆ ಇದನ್ನು ಸೈಕಲ್ಲುಗಳ ಊರು ಅಂತಲೇ ಕರೆಯುತ್ತಿದ್ದರು. ಖಡಕಿಯ ಮದ್ದುಗುಂಡಿನ ಕಾರ್ಖಾನೆಗೆ, 1954ರಲ್ಲಿ ಪಿಂಪ್ರಿಯಲ್ಲಿ ಶುರುವಾದ ಹಿಂದೂಸ್ತಾನ್ ಆಂಟಿಬಯಾಟಿಕ್ಸಿಗೆ, ಆಮೇಲೆ ಬಂದ ವಾಹನ ಕಾರ್ಖಾನೆಗಳಿಗೆ ಜನ ಸೈಕಲ್ ಮೇಲೆ ಹೋಗುತ್ತಿದ್ದರು. ಆಮೇಲೆ ಸ್ಕೂಟರ್ ಬಂತು, ಊರು ಹರಡಿತು.

ಮತ್ತೆ ಸೈಕಲ್ಲಿಗೆ ಜಾಗ ಕೊಡುವ ಪ್ರಯತ್ನಗಳೂ ಆದವು. ಬಸ್ಸಿಗೇ ಬೇರೆ ಪಥ ಕೊಡುವ ಬಿಆರ್‌ಟಿಯ ದೇಶದ ಮೊದಲ ಪ್ರಯೋಗ 2006ರ ಕೊನೆಗೆ ಕಾತ್ರಜ್‌ನಿಂದ ಸ್ವಾರ್‌ಗೇಟ್ ಮೂಲಕ ಹಡಪ್ಸರ್‌ವರೆಗೆ ಶುರುವಾದಾಗ ಅದರ ಜೊತೆಗೇ ಸೈಕಲ್ ಟ್ರ್ಯಾಕ್‌ಗಳು ಬಂದವು. 2017ರ ಡಿಸೆಂಬರಿನಲ್ಲಿ ಪುಣೆ ಮಹಾನಗರಪಾಲಿಕೆ ಇಡೀ ಊರಿಗೆ ಒಂದು ಸೈಕಲ್ ಯೋಜನೆಯನ್ನೇ ಒಪ್ಪಿತು. 800 ಕಿಲೋಮೀಟರಿಗೂ ಹೆಚ್ಚಿನ ಜಾಲ ಅದರಲ್ಲಿತ್ತು. ಅದೇ ತಿಂಗಳು ಆ್ಯಪ್ ಮೇಲೆ ಬಾಡಿಗೆಗೆ ಸಿಗುವ ಸೈಕಲ್ಲುಗಳೂ ಔಂಧ್‌ನಲ್ಲಿ, ವಿಶ್ವವಿದ್ಯಾಲಯದ ಆವರಣದಲ್ಲಿ ಕಾಣಿಸಿಕೊಂಡವು. ಮೈಸೂರಿನಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಶುರುವಾದ ವರ್ಷವೇ ಇದೂ. ಮುಂದಿನ ವರ್ಷ ಇನ್ನೂ ಕೆಲವು ಕಂಪನಿಗಳು ಬಂದವು. ಎರಡು ವರ್ಷದೊಳಗೆ ಹೆಚ್ಚಿನವು ಹೋದವು. ಸೈಕಲ್ ಸಿಕ್ಕರೆ ಸಾಲದು, ಅದನ್ನು ಹೊಡೆಯಲು ದಾರಿ ಬೇಕು ಅಂತ ಆಗಲೇ ಗೊತ್ತಾಯಿತು.

ಕಟ್ಟಿದ ಟ್ರ್ಯಾಕುಗಳನ್ನು ಹತ್ತಿರದಿಂದ ನೋಡಿದರೆ ಯಾಕೆ ಯಾರೂ ಬಳಸುವುದಿಲ್ಲ ಅಂತ ತಿಳಿಯುತ್ತದೆ. ಹಲವು ಕಡೆ ಪೇವರ್ ಬ್ಲಾಕ್ ಹಾಸಿದ್ದಾರೆ. ಎರಡು ಮಳೆಗಾಲ ಕಳೆದರೆ ಅವು ಏಳುತ್ತವೆ, ಬೀಳುತ್ತವೆ. ಸಪೂರ ಟೈರು ಅದರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಚೇಂಬರಿನ ಮುಚ್ಚಳ ಒಂದೋ ನಾಲ್ಕು ಬೆರಳು ಮೇಲಿರುತ್ತದೆ, ಇಲ್ಲವೇ ನಾಲ್ಕು ಬೆರಳು ಕೆಳಗಿರುತ್ತದೆ. ಮುಂದೆ ಹೋದರೆ ಮೋಟರ್‌ಬೈಕ್ ನುಗ್ಗಬಾರದು ಅಂತ ಬೊಲಾರ್ಡ್, ಅಂದರೆ ಗಿಡ್ಡ ಕಂಬಗಳನ್ನು, ನೆಟ್ಟಿರುತ್ತಾರೆ. ಸಾಮಾನ್ಯ ಸೈಕಲ್ಲಿನ ಹ್ಯಾಂಡಲ್ ಸುಮಾರು 60–65 ಸೆಂಟಿಮೀಟರ್ ಅಗಲ. ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಿದರೆ ಒಂದು ಮೀಟರ್ ಹತ್ತಿರ. ಬೊಲಾರ್ಡ್ ನಡುವೆ ಅಷ್ಟು ಜಾಗ ಇರುವುದಿಲ್ಲ. ಇಳಿದು, ಸೈಕಲ್ ಎತ್ತಿ, ಓರೆ ಮಾಡಿ ದಾಟಿಸಬೇಕು. ಇನ್ನು ಪ್ರತಿ ಸೊಸೈಟಿಯ ಗೇಟಿಗೆ ಬಂದಾಗ ಟ್ರ್ಯಾಕ್ ಕೆಳಗಿಳಿಯುತ್ತದೆ, ಗೇಟು ದಾಟಿದ ಮೇಲೆ ಏರುತ್ತದೆ. ಇಪ್ಪತ್ತು ಗೇಟಿಗೆ ಇಪ್ಪತ್ತು ಏರಿಳಿತ. ಗೇಟಿಗೆ ಬರುವ ಕಾರು ಏರಿ ದಾಟಲಿ, ಸೈಕಲ್ ಒಂದೇ ಮಟ್ಟದಲ್ಲಿ ಹೋಗಲಿ ಅಂತ ಡ್ರಾಯಿಂಗಿನಲ್ಲಿ ಒಂದು ಗೆರೆ ಬದಲಿಸಿದರೆ ಆಗುವ ಕೆಲಸ ಇದು. ಟ್ರ್ಯಾಕಿನ ಕೊನೆಯಲ್ಲಿ ಒಂದು ಕರೆಂಟ್ ಬಾಕ್ಸ್, ಎರಡು ಕಾರು, ಒಂದು ಪಾನಿಪುರಿ ಗಾಡಿ. ಗಾಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಯಾರೂ ಬಳಸದ ಜಾಗ ಅವನಿಗೆ ಖಾಲಿ ಜಾಗವಾಗಿ ಕಂಡಿತು.

ಯಾರೂ ಬಳಸದಿರಲು ಇನ್ನೂ ದೊಡ್ಡ ಕಾರಣ ಇದೆ. ಆ ಟ್ರ್ಯಾಕ್ ಯಾರ ಮನೆಯಿಂದಲೂ ಹೊರಡುವುದಿಲ್ಲ, ಯಾರ ಶಾಲೆಗೂ ಮುಟ್ಟುವುದಿಲ್ಲ. ಎಲ್ಲಿ ರಸ್ತೆ ಅಗಲ ಇತ್ತೋ ಅಲ್ಲಿ ಹಾಕಿದ್ದು. ಡಚ್ಚರ ಸೈಕಲ್ ವಿನ್ಯಾಸದ ಕೈಪಿಡಿಯಲ್ಲಿ ಐದು ಗುಣ ಹೇಳುತ್ತಾರೆ: ದಾರಿ ಕಡಿಯದಂತೆ ಇರಬೇಕು, ನೇರ ಇರಬೇಕು, ಸುರಕ್ಷಿತ ಇರಬೇಕು, ಆರಾಮ ಇರಬೇಕು, ಹೋಗಲು ಮನಸ್ಸಾಗುವಂತೆ ಇರಬೇಕು. ನಮ್ಮಲ್ಲಿ ಮೂರನೆಯದನ್ನು ಮಾತ್ರ ಮಾತಾಡುತ್ತೇವೆ. ಕಡಿಯದ, ನೇರವಾದ ದಾರಿ ಬೇಕು ಅಂದರೆ ಮನೆ ಕಟ್ಟುವ ಮೊದಲೇ ಅದಕ್ಕೆ ನೆಲ ಬಿಡಬೇಕು.

ಹಾಗೆ ಬಿಟ್ಟ ಊರು ಒಂದಿದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಪಕ್ಕದ ಹೌಟೆನ್. ಮೊದಲು ಸಣ್ಣ ಹಳ್ಳಿ. ದೊಡ್ಡ ಊರಾಗಿ ಬೆಳೆಸಬೇಕೆಂದು ತೀರ್ಮಾನವಾದಾಗ, 1960ರ ದಶಕದ ಕೊನೆಯಲ್ಲಿ, ರಾಬ್ ಡರ್ಕ್ಸ್ ಎಂಬ ವಾಸ್ತುಶಿಲ್ಪಿ ಅದಕ್ಕೆ ನಕ್ಷೆ ಮಾಡಿದರು. ಊರಿನ ಸುತ್ತ ಒಂದು ವರ್ತುಲ ರಸ್ತೆ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಹೊರಗೆ ಬಂದು ಆ ವರ್ತುಲ ಹಿಡಿದು ಸುತ್ತಿ ಹೋಗಬೇಕು. ಸೈಕಲ್ಲಿಗೆ ಊರ ನಡುವೆ ನೇರ ದಾರಿ. ಶಾಲೆ, ಅಂಗಡಿ, ರೈಲು ನಿಲ್ದಾಣ ಎಲ್ಲ ಆ ದಾರಿಗೇ ಹೊಂದಿಕೊಂಡಿವೆ. ಈಗ ಅಲ್ಲಿ ಸುಮಾರು 50,000 ಜನ ಇದ್ದಾರೆ. ನಮ್ಮ ವಾಕಡ್‌ನ ನಕ್ಷೆ ಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಎದ್ದು ಕಂಡದ್ದು ಇದು: ಅಲ್ಲಿ ಸುತ್ತು ಕಾರಿಗೆ, ನೇರ ಸೈಕಲ್ಲಿಗೆ. ಇಲ್ಲಿ ಕಾರಿಗೂ ಸುತ್ತು, ಸೈಕಲ್ಲಿಗೂ ಅದೇ ಸುತ್ತು. ಹಾಗಿರುವಾಗ ಕಾರಿದ್ದವರು ಯಾಕೆ ಸೈಕಲ್ ಹತ್ತುತ್ತಾರೆ?

ಅದೇ ಉಟ್ರೆಕ್ಟಿನಲ್ಲಿ ಇನ್ನೊಂದು ಕೆಲಸ ಆಗಿದೆ, ಅದು ನನಗೆ ಬಹಳ ಇಷ್ಟ. ಊರಿನ ಪಶ್ಚಿಮಕ್ಕೆ ಲೈಡ್ಸ ರೈನ್ ಅಂತ ದೊಡ್ಡ ಹೊಸ ಬಡಾವಣೆ ಬಂತು. ಹಳೆಯ ಊರಿಗೂ ಅದಕ್ಕೂ ನಡುವೆ ಆಮ್‌ಸ್ಟರ್‌ಡ್ಯಾಮ್–ರೈನ್ ಕಾಲುವೆ. ದೊಡ್ಡ ಹಡಗು ಓಡಾಡುವ ಕಾಲುವೆ, ಹಾಗಾಗಿ ಸೇತುವೆ ಎತ್ತರ ಬೇಕು. ಎತ್ತರದ ಸೇತುವೆಗೆ ಸೈಕಲ್ ಹತ್ತಬೇಕಾದರೆ ಏರು ಉದ್ದ ಬೇಕು. ಹಳೆ ಊರಿನ ಕಡೆ ಜಾಗವೇ ಇರಲಿಲ್ಲ, ದಡದಲ್ಲಿ ಒಂದು ಪ್ರಾಥಮಿಕ ಶಾಲೆ ಇತ್ತು. ಅವರು ಶಾಲೆಯನ್ನು ಹೊಸದಾಗಿ ಕಟ್ಟಿ, ಅದರ ಚಾವಣಿಯ ಮೇಲೆಯೇ ಸೈಕಲ್ ದಾರಿಯನ್ನು ಸುತ್ತು ಹಾಕಿಸಿ ಏರಿಸಿದರು. 2017ರಲ್ಲಿ ತೆರೆದ ಆ ಸೇತುವೆಗೆ ಓಟಗಾರ್ತಿ ಡಾಫ್ನೆ ಸ್ಕಿಪ್ಪರ್ಸ್ ಹೆಸರಿಟ್ಟಿದ್ದಾರೆ. ಸೈಕಲ್ಲಿನವರಿಗೆ, ನಡೆಯುವವರಿಗೆ ಮಾತ್ರ ಅದು. ಹೊಸ ಬಡಾವಣೆಯ ಮಗು ಹಳೆಯ ಊರಿಗೆ ಸೈಕಲ್ ಮೇಲೆ ಬರುವುದು ಅಷ್ಟು ಮುಖ್ಯ ಅಂತ ಅವರಿಗೆ ಅನಿಸಿತು, ಅದಕ್ಕೆ ಹಣ ಹಾಕಿದರು.

ನಮ್ಮಲ್ಲಿ ಆಗುವುದಿಲ್ಲ ಅಂತ ಕೈಚೆಲ್ಲುವುದು ಬೇಡ. ಪುಣೆಯಲ್ಲೇ ಹಡಪ್ಸರ್ ಹತ್ತಿರ ಮಗರಪಟ್ಟಾ ಸಿಟಿ ಇದೆ. ರೈತ ಮನೆತನಗಳು ತಮ್ಮ ಸುಮಾರು 400 ಎಕರೆ ಜಮೀನನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿ, ಕಂಪನಿ ಮಾಡಿ, ಜಮೀನಿನ ಪಾಲಿಗೆ ತಕ್ಕಂತೆ ಷೇರು ಹಂಚಿಕೊಂಡು ಕಟ್ಟಿದ ಟೌನ್‌ಶಿಪ್. ಮನೆ, ಶಾಲೆ, ಕಚೇರಿ ಎಲ್ಲ ಒಂದೇ ಆವರಣ. ಒಳಗೆ ಮಕ್ಕಳು ಆರಾಮ ಸೈಕಲ್ ಹೊಡೆಯುತ್ತಾರೆ. ನೆಲವನ್ನು ಒಟ್ಟಿಗೆ ಯೋಚಿಸಿದರೆ ದಾರಿ ತಾನೇ ಹುಟ್ಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಆ ದಾರಿ ಟೌನ್‌ಶಿಪ್ಪಿನ ಗೇಟಿಗೆ ಮುಗಿಯುತ್ತದೆ. ಹೊರಗೆ ಮತ್ತೆ ಅದೇ ಹಡಪ್ಸರ್ ಟ್ರಾಫಿಕ್.

ಗೇಟಿನ ಹೊರಗೂ ನೆಲ ಒಟ್ಟುಗೂಡಿಸಲು ಕಾನೂನಿನಲ್ಲೇ ದಾರಿ ಇದೆ. ಟೌನ್ ಪ್ಲಾನಿಂಗ್ ಸ್ಕೀಮ್, ಇಲ್ಲಿಯವರ ಬಾಯಲ್ಲಿ ಟಿಪಿ ಸ್ಕೀಮ್. ಒಂದು ಪ್ರದೇಶದ ಎಲ್ಲ ಹೊಲಗಳನ್ನೂ ಒಟ್ಟಿಗೆ ತೆಗೆದುಕೊಂಡು, ರಸ್ತೆ, ಉದ್ಯಾನ, ಶಾಲೆಗೆ ಜಾಗ ತೆಗೆದು, ಉಳಿದದ್ದನ್ನು ಚೊಕ್ಕ ಪ್ಲಾಟ್ ಮಾಡಿ ಮಾಲೀಕರಿಗೇ ಹಿಂದಿರುಗಿಸುವ ಪದ್ಧತಿ. ಮುಂಬೈ ಪ್ರಾಂತ್ಯದಲ್ಲಿ ಇದಕ್ಕೆ 1915ರಲ್ಲೇ ಕಾಯ್ದೆ ಬಂದಿತ್ತು. ಈಗ ಮಹಾರಾಷ್ಟ್ರದ ನಗರ ಯೋಜನೆಯ ಕಾಯ್ದೆಯಾದ 1966ರ ಎಂಆರ್‌ಟಿಪಿಯಲ್ಲಿದೆ. ನಮ್ಮ ಪಕ್ಕದ ಮಹಾಳುಂಗೆ–ಮಾಣ್‌ನಲ್ಲಿ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಸುಮಾರು 250 ಹೆಕ್ಟೇರಿಗೆ ಇಂಥದ್ದೇ ಸ್ಕೀಮ್ ಕೈಗೆತ್ತಿಕೊಂಡಿದೆ. ಹಳ್ಳದ ಗುಂಟ ಮೂರು ಮೀಟರ್ ಪಟ್ಟಿ ಬಿಡಿಸುವುದು, ದೊಡ್ಡ ಪ್ಲಾಟಿನ ನಡುವೆ ಹಾದುಹೋಗುವ ದಾರಿ ಇಡಿಸುವುದು ಇಂಥ ಹೊತ್ತಿನಲ್ಲಿ ಬಹಳ ಸುಲಭ. ಹಾಳೆಯ ಮೇಲೆ ಗೆರೆ ಇನ್ನೂ ಪೆನ್ಸಿಲಿನಲ್ಲಿರುತ್ತದೆ.

ಮನೆ ಕೊಳ್ಳುವವರ ಕೈಯಲ್ಲೂ ಸ್ವಲ್ಪ ಇದೆ. 2017ರ ಮೇ 1ರಿಂದ ಮಹಾರೇರಾ ಇದೆ, ಬಿಲ್ಡರ್‌ಗಳ ಪ್ರಾಜೆಕ್ಟುಗಳ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರ. ಪ್ರತಿ ಪ್ರಾಜೆಕ್ಟಿನ ಮಂಜೂರಾದ ಲೇಔಟ್ ಅದರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸ್ಯಾಂಪಲ್ ಫ್ಲ್ಯಾಟಿನ ಸೋಫಾ ನೋಡುವ ಮೊದಲು ಅದನ್ನು ತೆಗೆದು ನೋಡಿ. ಗೇಟು ಎಷ್ಟಿವೆ, ಯಾವ ದಿಕ್ಕಿಗಿವೆ, ಹಿಂದೆ ಏನಿದೆ, ಮುಂದಿನ ಡಿಪಿ ರಸ್ತೆ ನಿಜವಾಗಿ ಇದೆಯೋ ಬರೀ ನಕ್ಷೆಯಲ್ಲೋ. ಮಂಜೂರಾದ ಲೇಔಟನ್ನು ಬಿಲ್ಡರ್ ಆಮೇಲೆ ಬದಲಿಸಬೇಕಾದರೆ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ ಮೂರರಲ್ಲಿ ಎರಡು ಪಾಲು ಖರೀದಿದಾರರ ಒಪ್ಪಿಗೆ ಬೇಕು. ಹಿಂದಿನ ಬಾಗಿಲು ಲೇಔಟಿನಲ್ಲಿ ಒಮ್ಮೆ ಇತ್ತು ಅಂದರೆ ಅದನ್ನು ಸುಮ್ನೆ ಮುಚ್ಚಿಬಿಡಲು ಬರುವುದಿಲ್ಲ. ಬುಕಿಂಗ್ ಹೊತ್ತಿಗೆ ಹತ್ತು ಜನ ಇದನ್ನೇ ಕೇಳಿದರೆ ಬಿಲ್ಡರ್ ಕಡೆಯವರೂ ಕಿವಿಗೊಡುತ್ತಾರೆ. ಈಜುಕೊಳವೂ ಹಾಗೇ ಬಂದದ್ದು ಅಲ್ವಾ, ಜನ ಕೇಳಿದರು ಅಂತ.

ನಮ್ಮ ಸೊಸೈಟಿಯಲ್ಲಿ ಕಟ್ಟಿದ ಮೇಲೆ ಕೇಳಬೇಕಾಯಿತು. ಹಿಂದಿನ ಗೋಡೆಯ ಆಚೆ ಹಳೆಯ ಗಾಡಿದಾರಿಯ ಒಂದು ತುಂಡು ಇನ್ನೂ ಉಳಿದಿದೆ. ಹಳ್ಳಕ್ಕೆ ರೈತರು ಹಾಕಿದ ಪೈಪಿನ ಮೋರಿಯೂ ಇದೆ. ಜೋರು ಮಳೆ ಬಂದ ದಿನ ಅದರ ಮೇಲೆ ನೀರು ಹರಿಯುತ್ತದೆ, ಉಳಿದ ದಿನ ದಾಟಬಹುದು. ಅಲ್ಲಿಗೆ ಒಂದು ಸಣ್ಣ ಬಾಗಿಲು ಇಡೋಣ ಅಂತ ವಾರ್ಷಿಕ ಸಭೆಯಲ್ಲಿ ಎತ್ತಿದೆ. ಗದ್ದಲವೇ ಆಯಿತು.

"ವೈನಿ, ನೀವು ಹೇಳೋದು ಸರಿ. ಆದರೆ ಕಳ್ಳಕಾಕರು ಬಂದರೆ?" ಅಂದರು ಮೂರನೇ ಮಹಡಿಯವರು. ಅವರ ಮನೆಯಲ್ಲಿ ಹಿಂದೊಮ್ಮೆ ಕಳವಾಗಿತ್ತು. ಅವರ ಹೆದರಿಕೆಯನ್ನು ತಳ್ಳಿಹಾಕುವ ಹಾಗಿರಲಿಲ್ಲ. ಸ್ಕೂಟರಿನವರು ಅಡ್ಡದಾರಿ ಮಾಡಿಕೊಂಡರೆ ಮಕ್ಕಳಿಗೇ ಅಪಾಯ ಅಂದರು ಇನ್ನೊಬ್ಬರು. ಅದೂ ನಿಜ. ಸೈಕಲ್ ಹೋಗುವಷ್ಟು ಜಾಗ ಬಿಟ್ಟರೆ ಸ್ಕೂಟರೂ ಹೋಗುತ್ತದೆ. ಬೊಲಾರ್ಡ್ ಇದಕ್ಕೆ ಪೂರ್ತಿ ಮದ್ದಲ್ಲ. ಕೊನೆಗೆ ದಾರಿಯನ್ನು ಎರಡು ಕಡೆ ಅಡ್ಡಗೋಡೆ ಇಟ್ಟು ಸೊಟ್ಟ ಮಾಡುವುದು, ಕ್ಯಾನ್ ಕಟ್ಟಿದ ಸೈಕಲ್ ತಿರುಗುವಷ್ಟು ಜಾಗ ಇಡುವುದು, ಶಾಲೆ ಬಿಡುವ ಹೊತ್ತು ಮತ್ತು ಪಾಳಿ ಬದಲಾಗುವ ಹೊತ್ತು ಮಾತ್ರ ಬಾಗಿಲು ತೆರೆಯುವುದು, ಅಷ್ಟು ಹೊತ್ತು ಅಲ್ಲಿ ಒಬ್ಬರು ಕೂರುವುದು, ಒಂದು ದೀಪ, ಒಂದು ಕ್ಯಾಮೆರಾ ಅಂತ ಒಪ್ಪಂದಕ್ಕೆ ಬಂದೆವು. ನಾನು ಒಂದು ಮಾತಿಗೆ ಹಟ ಹಿಡಿದೆ. ಬಾಗಿಲು ಮನೆಯವರಿಗಷ್ಟೇ ಅಲ್ಲ, ಕೆಲಸಕ್ಕೆ ಬರುವವರಿಗೂ ತೆರೆದಿರಬೇಕು. ಅದಕ್ಕೆ ಚೇರ್ಮನ್ ಕಾಕೂ ಮೊದಲು ಕೈ ಎತ್ತಿದರು. ಆರು ತಿಂಗಳ ಪ್ರಯೋಗ ಅಂತ ಠರಾವು ಪಾಸಾಯಿತು.

ಬಾಗಿಲು ಇಟ್ಟಾಗಿದೆ. ಮಗಳು ಮತ್ತು ಅವಳ ಗೆಳತಿಯರು ಮಳೆ ಇಲ್ಲದ ದಿನ ಸೈಕಲ್ ಮೇಲೆ ಶಾಲೆಗೆ ಹೋಗುತ್ತಿದ್ದಾರೆ. ಕಾಕಾ ಸರ್ವಿಸ್ ರೋಡ್ ಬಿಟ್ಟಿದ್ದಾರೆ.

ಈಗಿನ ಚಿಂತೆ ಬೇರೆ. ಆ ಗಾಡಿದಾರಿಯ ಪಕ್ಕದ ಎರಡು ಹೊಲಗಳು ಮಾರಾಟವಾಗಿವೆ. ಹೊಸ ಪ್ರಾಜೆಕ್ಟಿನ ಲೇಔಟ್ ಮಂಜೂರಾತಿಗೆ ಹೋಗಿದೆ. ನಮಗೆ ಸಿಕ್ಕ ಕರಡಿನಲ್ಲಿ ಕಾಂಪೌಂಡ್ ಗೆರೆ ನೇರ ಹಳ್ಳದ ಅಂಚಿಗೇ ಬಂದಿದೆ, ದಾರಿಯನ್ನು ಒಳಗೆ ಹಾಕಿಕೊಂಡು. ನಾವು ಕೇಳುತ್ತಿರುವುದು ಮೂರು. ಹಳ್ಳದ ಗುಂಟ ಮೂರು ಮೀಟರ್ ಪಟ್ಟಿ ಗೋಡೆಯ ಹೊರಗೆ ಉಳಿಯಲಿ, ಅದು ಸಾರ್ವಜನಿಕ ದಾರಿ ಅಂತ ಲೇಔಟಿನಲ್ಲೇ ಬರೆದಿರಲಿ. ಹೊಸ ಕಟ್ಟಡಕ್ಕೂ ಆ ಕಡೆಗೆ ಒಂದು ಬಾಗಿಲು ಇರಲಿ. ಪೈಪಿನ ಮೋರಿಯ ಜಾಗದಲ್ಲಿ ಮಳೆಗಾಲಕ್ಕೂ ನಿಲ್ಲುವ ಒಂದು ಕಿರುಸೇತುವೆ ಬರಲಿ. ಹಳೆಯ ಗ್ರಾಮನಕ್ಷೆಯ ಪ್ರತಿ, ಮೋರಿಯ ಫೋಟೊ, ಶಾಲೆಯ ಪತ್ರ ಎಲ್ಲ ಅರ್ಜಿಗೆ ಲಗತ್ತಿಸಿದ್ದೇವೆ. ಮೂರು ಸೊಸೈಟಿಗಳ ಸಹಿ ಬಿದ್ದಿದೆ. ನಾಲ್ಕನೆಯವರ ಸಭೆ ಈ ಭಾನುವಾರ ಹತ್ತು ಗಂಟೆಗೆ ಅವರ ಕ್ಲಬ್‌ಹೌಸಿನಲ್ಲಿ ಇದೆ, ಹೋಗುತ್ತಿದ್ದೇನೆ.